ಹೀಟರ್ ಆಮೇಲೆ ನೋಡೋಣ, ಬಾಗಿಲ ಹಿಡಿ ಯಾವುದು?

"ಸಾರ್, ಹೀಟರ್ ಬುಕ್ ಆಗಿದೆ, 6 ಕಿಲೋವ್ಯಾಟ್. ಗೋಡೆಗೆ ಹಲಗೆ ಹೊಡೆಯೋದೂ ಮುಗೀತಾ ಬಂತು. ಈಗ ಕಾರ್ಪೆಂಟರ್ ಗಾಳಿಕಿಂಡಿ ಎಲ್ಲಿ ಕೊರೀಲಿ, ಬಾಗಿಲಿಗೆ ಎಂಥ ಹ್ಯಾಂಡಲ್ ಹಾಕ್ಲಿ ಅಂತ ಕೇಳ್ತಿದ್ದಾನೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಹಲಸೂರಿನ ಓದುಗರೊಬ್ಬರ ಪ್ರಶ್ನೆ ಇದು. ಟೆರೇಸಿನ ಮೇಲಿದ್ದ ಹಳೇ ಸಾಮಾನಿನ ಕೋಣೆ ಅವರ ಮನೆಯಲ್ಲಿ ಸೌನಾ, ಅಂದರೆ ಬಿಸಿಗಾಳಿಯಲ್ಲಿ ಕೂತು ಬೆವರುವ ಕೋಣೆ, ಆಗುತ್ತಿದೆ. ಉದ್ದಗಲ ಎರಡೆರಡು ಮೀಟರ್, ಎತ್ತರ ಎರಡಕ್ಕೆ ತುಸು ಮೇಲೆ. ಫಿನ್ಲೆಂಡಿನಲ್ಲಿ ಕೆಲಸಕ್ಕಿರುವ ಮಗ ರಜೆಗೆ ಬಂದು ಹಚ್ಚಿಸಿದ ಹುಚ್ಚಂತೆ. 55 ಲಕ್ಷ ಜನರಿರುವ ಆ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ ಎಂಬ ಅಂದಾಜಿದೆ. ಹಲಸೂರಿಗೆ ಒಂದು ಬಂದರೆ ನಷ್ಟವೇನಿಲ್ಲ.

ಪ್ರಶ್ನೆ ಚಿಲ್ಲರೆಯದು ಅನ್ನಿಸಿದರೆ ಜಪಾನಿನ ಸುದ್ದಿ ನೆನಪಿಸಿಕೊಳ್ಳಿ. 2025ರ ಡಿಸೆಂಬರಿನಲ್ಲಿ ಟೋಕಿಯೊದ ಅಕಾಸಾಕಾದಲ್ಲಿ ಒಂದು ಖಾಸಗಿ ಸೌನಾಕ್ಕೆ ಹೋದ ಗಂಡ-ಹೆಂಡತಿ ಇಬ್ಬರೂ ಹೆಣವಾದರು. ಬಾಗಿಲ ಹಿಡಿ ಕಳಚಿ ಬಿದ್ದಿತ್ತು. ತುರ್ತು ಗುಂಡಿಗೆ ಕರೆಂಟೇ ಇರಲಿಲ್ಲ ಎಂದು ವರದಿಯಾಯಿತು. ದುಬಾರಿ ಹೀಟರು, ದುಬಾರಿ ಮರ ಎಲ್ಲ ಇದ್ದೂ ಇಡೀ ಕೋಣೆಯಲ್ಲಿ ಅತಿ ಅಗ್ಗದ ಸಾಮಾನು ಕೈಕೊಟ್ಟಿತ್ತು. ಸೌನಾ ಮಾರುವವರ ಬಣ್ಣದ ಪುಸ್ತಕಗಳಲ್ಲಿ ಈ ಸಾಮಾನಿಗೆ ಒಂದು ಸಾಲೂ ಮೀಸಲಿರುವುದಿಲ್ಲ. ಅದಕ್ಕೇ ಹಿಡಿಯಿಂದಲೇ ಶುರು ಮಾಡುತ್ತೇನೆ.

ಒಂದು ತಾಸು ಕಾದ ಸೌನಾದಲ್ಲಿ ಬಾಗಿಲ ಹಿಡಿಯ ಎತ್ತರಕ್ಕೆ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ಅನ್ನಿ. ತಾರಸಿಯ ಹತ್ತಿರ 90 ದಾಟಿರುತ್ತದೆ, ಕಾಲ ಬುಡದಲ್ಲಿ 40 ಇದ್ದೀತು. ಆ 70 ಡಿಗ್ರಿಯ ಎತ್ತರದಲ್ಲಿರುವ ಗಾಳಿ, ಮರ, ಸ್ಟೀಲ್ ಎಲ್ಲದರದೂ ಹೆಚ್ಚುಕಡಿಮೆ ಅದೇ ಉಷ್ಣತೆ. ಆದರೂ ಗಾಳಿಯಲ್ಲಿ ಹಾಯಾಗಿ ಕೂರುತ್ತೇವೆ, ಮರಕ್ಕೆ ಒರಗುತ್ತೇವೆ, ಸ್ಟೀಲ್ ಮುಟ್ಟಿದರೆ ಕೈ ಕಿತ್ತುಕೊಳ್ಳುತ್ತೇವೆ.

ಇದನ್ನು ವಿವರಿಸಲು ನನಗೆ ರೇಷನ್ ಅಂಗಡಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಕೈ ಎಂದರೆ ಕಾರ್ಡು ಹಿಡಿದು ಬಂದ ಗಿರಾಕಿ. ಶಾಖ ಎಂದರೆ ಅಕ್ಕಿ. ಗಿರಾಕಿಯ ಚೀಲ ಎಷ್ಟು ಬೇಗ ತುಂಬುತ್ತದೆ ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಗೋದಾಮಿನಲ್ಲಿ ಎಷ್ಟು ಮೂಟೆ ಇದೆ, ಅದನ್ನು ಕೌಂಟರಿಗೆ ತಂದು ಸುರಿಯುವ ಆಳುಗಳು ಎಷ್ಟು ಚುರುಕು. ಸ್ಟೀಲಿನ ಅಂಗಡಿಯಲ್ಲಿ ಮೂಟೆಯೂ ಇದೆ, ಓಡಾಡುವ ಆಳೂ ಇದ್ದಾರೆ. ಮುಂದಿನ ಮೂಟೆ ಖಾಲಿಯಾಗುವಷ್ಟರಲ್ಲಿ ಹಿಂದಿನದು ಬಂದು ಕೂತಿರುತ್ತದೆ. ಮರದ ಅಂಗಡಿಯಲ್ಲಿ ಅಕ್ಕಿಗೆ ತೀರಾ ಬರವಿಲ್ಲ, ಆದರೆ ಇರುವ ಒಬ್ಬನೇ ಆಳು ಮಹಾ ಸೋಮಾರಿ. ಕೌಂಟರಿನ ಮೇಲಿದ್ದ ಎರಡು ಸೇರು ಕೊಟ್ಟಾದ ಮೇಲೆ ಹಿಂದಿನಿಂದ ಏನೂ ಬರುವುದಿಲ್ಲ. ಗಾಳಿಯ ಅಂಗಡಿಯಲ್ಲಿ ಆಳೂ ಇಲ್ಲ, ಅಕ್ಕಿಯೂ ಇಲ್ಲ. ಬೋರ್ಡ್ ಮಾತ್ರ ದೊಡ್ಡದು, '70 ಡಿಗ್ರಿ' ಎಂದು.

ಭೌತವಿಜ್ಞಾನದಲ್ಲಿ ಈ ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು ಒಂದೇ ಸಂಖ್ಯೆ ಮಾಡಿಟ್ಟಿದ್ದಾರೆ. ಅದಕ್ಕೆ ಎಫ್ಯೂಸಿವಿಟಿ ಎನ್ನುತ್ತಾರೆ. ನಮ್ಮ ಚರ್ಮದ್ದು ಸುಮಾರು 1300, ಪೈನ್ ಮರದ್ದು 350ರ ಆಸುಪಾಸು, ತೇಗದ್ದು 500, ಸ್ಟೇನ್‌ಲೆಸ್ ಸ್ಟೀಲಿನದು 8000, ಹಿತ್ತಾಳೆಯದು 19,000. ಎರಡು ವಸ್ತುಗಳು ಒಂದನ್ನೊಂದು ಮುಟ್ಟಿದ ಕ್ಷಣ ನಡುವಿನ ಗಡಿಯಲ್ಲಿ ಯಾವ ಉಷ್ಣತೆ ನಿಲ್ಲುತ್ತದೆ ಎಂಬುದನ್ನು ಈ ಸಂಖ್ಯೆಗಳೇ ತೀರ್ಮಾನಿಸುತ್ತವೆ. 33 ಡಿಗ್ರಿಯ ಅಂಗೈ 70 ಡಿಗ್ರಿಯ ಹಿಡಿಯನ್ನು ಮುಟ್ಟಿತು ಎಂದುಕೊಂಡು ಲೆಕ್ಕ ಹಾಕಿದರೆ ಪೈನ್ ಆದರೆ 41 ಡಿಗ್ರಿ, ತೇಗ ಆದರೆ 43, ಸ್ಟೀಲ್ ಆದರೆ 65, ಹಿತ್ತಾಳೆ ಆದರೆ 68 ಬರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಚರ್ಮದ ಮೇಲೆ 44 ಡಿಗ್ರಿ ಇದ್ದರೆ ಸುಟ್ಟಗಾಯವಾಗಲು ಸುಮಾರು ಆರು ಗಂಟೆ ಬೇಕು, 60 ಡಿಗ್ರಿಗೆ ಐದು ಸೆಕೆಂಡು ಸಾಕು. ಮರಕ್ಕೂ ಲೋಹಕ್ಕೂ ನಡುವೆ ಇರುವುದು ಇಷ್ಟು ದೊಡ್ಡ ಅಂತರ. ಕಾರ್ಪೆಂಟರ್ ತೇಗ ಎಂದರೆ ತೇಗವೇ ಇರಲಿ, ಆಮದು ಮರಕ್ಕಾಗಿ ಕಾಯಬೇಕಿಲ್ಲ. ವಾರ್ನಿಷ್ ಮಾತ್ರ ಬಳಿಯಬೇಡಿ, ಬಿಸಿಗೆ ಅಂಟಂಟಾಗುತ್ತದೆ.

ಇಂಥ ಬಿಸಿಯನ್ನು ಮೈಮೇಲೆ ಹಾಕಿಕೊಂಡು ನೋಡಿದವರ ಕತೆ ಸ್ವಾರಸ್ಯದ್ದು. 1774ರ ಜನವರಿಯಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫೋರ್ಡೈಸ್ ತನ್ನ ಕೋಣೆಗಳನ್ನು ವಿಪರೀತ ಬಿಸಿ ಮಾಡಿಸಿ ಗೆಳೆಯರನ್ನು ಕರೆದ. ಬಂದವರಲ್ಲಿ ವೈದ್ಯ ಚಾರ್ಲ್ಸ್ ಬ್ಲಾಗ್ಡನ್ ಇದ್ದ. ಕ್ಯಾಪ್ಟನ್ ಕುಕ್ ಜೊತೆ ಭೂಮಿ ಸುತ್ತಿಬಂದಿದ್ದ ಸಸ್ಯವಿಜ್ಞಾನಿಗಳಾದ ಜೋಸೆಫ್ ಬ್ಯಾಂಕ್ಸ್ ಮತ್ತು ಸೊಲಾಂಡರ್ ಇದ್ದರು. ಮುಂದಿನ ಸುತ್ತುಗಳಲ್ಲಿ ಬ್ಲಾಗ್ಡನ್ ಸುಮಾರು 127 ಡಿಗ್ರಿಯ ಕೋಣೆಯಲ್ಲಿ ಎಂಟು ನಿಮಿಷ ನಿಂತು ಹೊರಬಂದ. ಅದೇ ಕೋಣೆಯಲ್ಲಿ ತಗಡಿನ ಮೇಲಿಟ್ಟ ಮೊಟ್ಟೆ ಇಪ್ಪತ್ತು ನಿಮಿಷದಲ್ಲಿ ಬೆಂದು ಗಟ್ಟಿಯಾಯಿತು. ಮಾಂಸದ ತುಂಡು ಸುಮಾರು ಮುಕ್ಕಾಲು ಗಂಟೆಯಲ್ಲಿ ಒಣಗಿ ಕೂತಿತು. ಮನುಷ್ಯರು ಬೇಯಲಿಲ್ಲ, ಬೆವರು ಆವಿಯಾಗಿ ಕಾಪಾಡಿತು. ಬುಟ್ಟಿಯಲ್ಲಿ ಕೂರಿಸಿದ್ದ ನಾಯಿಯೂ ಬದುಕಿತು. ಆದರೆ ಅವರು ಬರೆದಿಟ್ಟ ಒಂದು ಸಣ್ಣ ವಿವರ ನಮಗೆ ಮುಖ್ಯ: ಕೋಟಿನ ಗಡಿಯಾರದ ಸರಪಳಿಯನ್ನು ಮುಟ್ಟುವುದೇ ಕಷ್ಟವಾಗಿತ್ತು. ಇನ್ನೊಂದು ಮಾಂಸದ ತುಂಡಿಗೆ ತಿದಿಯಿಂದ ಗಾಳಿ ಊದಿದಾಗ 13 ನಿಮಿಷಕ್ಕೇ ಬೆಂದಿತು. ಗಾಳಿಯ ಖಾಲಿ ಅಂಗಡಿಗೆ ತಿದಿ ಮೂಟೆ ಹೊತ್ತು ತರುತ್ತಿತ್ತು. ಸೌನಾದಲ್ಲಿ ಟವೆಲ್ ಬೀಸಿದವರ ಮೇಲೆ ಪಕ್ಕದವರು ರೇಗುವುದೂ ಇದೇ ಕಾರಣಕ್ಕೆ. ಬ್ಲಾಗ್ಡನ್ನನ ವರದಿ 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಇನ್ನೂರೈವತ್ತು ವರ್ಷವಾದರೂ ಸೌನಾಕ್ಕೆ ಸ್ಟೀಲ್ ಹ್ಯಾಂಡಲ್ ಮಾರುವವರಿದ್ದಾರೆ.

ಮರದ ಹಿಡಿ ಸುಡುವುದಿಲ್ಲ ಸರಿ, ಕಳಚದಂತೆ ನಿಲ್ಲಿಸುವುದು ಬೇರೆ ವಿದ್ಯೆ. ಆಷಾಢದ ಜಡಿಮಳೆಯಲ್ಲಿ ಹಲಸೂರಿನ ಮರದ ಬಾಗಿಲುಗಳೆಲ್ಲ ತೇವ ಹೀರಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಅದೇ ಮರವನ್ನು ಸೌನಾದ ಒಣ ಬಿಸಿಗೆ ಒಡ್ಡಿದರೆ ತೇವವೆಲ್ಲ ಬಿಟ್ಟು ಕುಗ್ಗುತ್ತದೆ. ಹೀಟರಿನ ಕಲ್ಲಿನ ಮೇಲೆ ನೀರು ಹುಯ್ದಾಗ ಮತ್ತೆ ತೇವ, ಆರಿಸಿದ ಮೇಲೆ ಮತ್ತೆ ಊರಿನ ಹವೆ. ಪ್ರತಿ ಸಲವೂ ಮರ ಸ್ಕ್ರೂವಿನ ಸುತ್ತ ಹಿಗ್ಗಿ ಕುಗ್ಗುತ್ತದೆ, ಸ್ಕ್ರೂ ಜಾಗ ಬಿಡುವುದಿಲ್ಲ. ಕೆಲವು ತಿಂಗಳಲ್ಲಿ ತೂತು ದೊಡ್ಡದಾಗಿ ಹಿಡಿ ಅಲ್ಲಾಡುತ್ತದೆ. ಅಲ್ಲಾಡುವ ಹಿಡಿಯನ್ನು ಯಾರೋ ಒಬ್ಬರು ಅವಸರದಲ್ಲಿ ಎಳೆಯುತ್ತಾರೆ. ಬರೀ ಸ್ಕ್ರೂ ಮತ್ತು ಅಂಟನ್ನು ನಂಬಬೇಡಿ ಎನ್ನುವುದು ಇದಕ್ಕೆ. ಒಳಗಿನ ಹಿಡಿ, ಹೊರಗಿನ ಹಿಡಿ ಎರಡನ್ನೂ ಸೇರಿಸಿ ಕದದ ಆರಪಾರ ಬೋಲ್ಟ್ ಹಾಯಿಸಿ, ಎರಡೂ ಕಡೆ ಅಗಲ ವಾಷರ್ ಕೊಟ್ಟು ಬಿಗಿಸಲಿ. ಒಳಗಡೆ ಬೋಲ್ಟಿನ ತಲೆ ಮರದೊಳಗೆ ಅರ್ಧ ಅಂಗುಲ ಹೂತು, ಮೇಲೆ ಮರದ ಬಿರಡೆ ಕೂರಲಿ, ಬೆರಳು ಲೋಹಕ್ಕೆ ತಾಗಬಾರದು.

ಇನ್ನು ನಮ್ಮವರ ಅಭ್ಯಾಸ. ಬಚ್ಚಲಿಗೆ ಒಳಗಿನಿಂದ ಟವರ್ ಬೋಲ್ಟ್ ಜಡಿದ ಕೈ ಸೌನಾಕ್ಕೂ ಜಡಿಯುತ್ತದೆ. ಖಂಡಿತ ಬೇಡ. ಚಿಲಕ, ಅಗುಳಿ, ತಿರುಗಿಸುವ ಗುಂಡು ಹಿಡಿ ಯಾವುದೂ ಬೇಡ. ಬಾಗಿಲು ಹೊರಕ್ಕೆ ತೆರೆಯಬೇಕು, ಬಾಲ್ ಕ್ಯಾಚ್ ಅಥವಾ ಬರೀ ಕೀಲಿನ ಇಳಿಜಾರಿನಿಂದ ಮುಚ್ಚಿ ನಿಲ್ಲಬೇಕು, ಭುಜದಿಂದ ನೂಕಿದರೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿದ್ದು, ತಲೆಸುತ್ತಿ ಬಿದ್ದವರು ಅದಕ್ಕೇ ಅಡ್ಡ ಮಲಗಿದರೆ ಹೊರಗಿನವರು ಏನೂ ಮಾಡಲಾರರು. ಹೀಗೆ ಮಾಡಿಸಿದ ಬಾಗಿಲಿನಲ್ಲಿ ಹಿಡಿ ಕಳಚಿ ಬಿದ್ದರೂ ಯಾರೂ ಸಿಕ್ಕಿಬೀಳುವುದಿಲ್ಲ.

ಈಗ ಗಾಳಿಕಿಂಡಿ. ಇದರಲ್ಲಿ ದಂಡು ಪ್ರದೇಶದವರಿಗೆ ಪಾಠ ಬೇಕಿಲ್ಲ. ಹಲಸೂರು, ರಿಚ್ಮಂಡ್ ಟೌನ್ ಕಡೆ ಉಳಿದಿರುವ ಹಳೇ ಬಂಗಲೆಗಳಲ್ಲಿ ಗೋಡೆಯ ನೆತ್ತಿಯಲ್ಲಿ ಹಗ್ಗ ಎಳೆದರೆ ತಿರುಗುವ ವೆಂಟಿಲೇಟರ್‌ಗಳನ್ನು ನೋಡಿರುತ್ತೀರಿ. ಬಿಸಿ ಗಾಳಿ ಮೇಲಿಂದ ಹೊರಕ್ಕೆ, ತಣ್ಣನೆಯದು ಕಿಟಕಿಯಿಂದ ಒಳಕ್ಕೆ. ಸೌನಾದಲ್ಲಿ ಇದೇ ತತ್ವವನ್ನು ಅರ್ಧ ಮಾತ್ರ ಪಾಲಿಸಬೇಕು, ಯಾಕೆಂದರೆ ಬಂಗಲೆಯವರಿಗೆ ಬೇಡವಾಗಿದ್ದ ಶಾಖ ಇಲ್ಲಿ ಬೇಕು.

ಗಾಳಿಯ ಎಳೆತ ಎಷ್ಟಿರುತ್ತದೆ? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು 91,000 ಪಾಸ್ಕಲ್. ಕೋಣೆಯ ಸರಾಸರಿ 65 ಡಿಗ್ರಿ, ಹೊರಗೆ 27 ಎಂದಿಟ್ಟುಕೊಂಡರೆ ಎರಡು ಮೀಟರ್ ಎತ್ತರಕ್ಕೆ ಸಿಗುವ ಎಳೆತ ಎರಡು ಪಾಸ್ಕಲಿಗೆ ಸ್ವಲ್ಪ ಮೇಲೆ. ಏನೇನೂ ಅಲ್ಲ ಎನಿಸುತ್ತದೆ. ಆದರೂ ನೆಲದ ಹತ್ತಿರ ಒಂದು, ತಾರಸಿಯ ಹತ್ತಿರ ಒಂದು, ತಲಾ 10 ಸೆಂಟಿಮೀಟರ್ ಅಗಲದ ದುಂಡನೆಯ ತೂತಿದ್ದರೆ ಗಂಟೆಗೆ 25 ಘನಮೀಟರ್ ಗಾಳಿ ಹಾಯುತ್ತದೆ. ಈ ಕೋಣೆಯ ಗಾಳಿ ಗಂಟೆಗೆ ಮೂರು ಸಲ ಬದಲಾದ ಹಾಗಾಯಿತು. ಅದಕ್ಕೆ ತೆರುವ ಶಾಖ ಸುಮಾರು 400 ವ್ಯಾಟ್. 6 ಕಿಲೋವ್ಯಾಟ್ ಹೀಟರಿಗೆ ಇದು ಲೆಕ್ಕಕ್ಕಿಲ್ಲ. "ಕಿಂಡಿ ಇಟ್ಟರೆ ಕರೆಂಟ್ ಬಿಲ್ ಏರುತ್ತೆ" ಎಂದು ಹೆದರಿಸುವವರ ಮಾತು ಕೇಳಬೇಡಿ. ಹಾಗೆಯೇ "ಆಮ್ಲಜನಕ ಮುಗಿದು ಸಾಯ್ತಾರೆ" ಎನ್ನುವುದೂ ಉತ್ಪ್ರೇಕ್ಷೆ. ಇಬ್ಬರು ಕಾಲು ಗಂಟೆ ಕೂತರೆ ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 10 ಲೀಟರ್, ಕೋಣೆಯ ಗಾಳಿ 8,400 ಲೀಟರ್. ತಲೆಭಾರ, ಮಂಕು ಬಂದೀತು, ಅಷ್ಟೇ. ಸೌನಾದಲ್ಲಿ ಸಿಕ್ಕಿಬಿದ್ದವರನ್ನು ಕೊಲ್ಲುವುದು ಶಾಖ.

ಕಿಂಡಿಯ ಜಾಗ ಹೀಗಿರಲಿ. ಒಳಬರುವ ಕಿಂಡಿ ಹೀಟರಿನ ಹಿಂದೆ ನೆಲಕ್ಕೆ ಗೇಣು ಮೇಲೆ, ಆಗ ಬಂದ ತಣ್ಣನೆಯ ಗಾಳಿ ಕಾಲಿಗೆ ಹರಿಯದೆ ಕಾದು ಮೇಲೇರುತ್ತದೆ. ಹೊರಹೋಗುವ ಕಿಂಡಿ ಎದುರು ಗೋಡೆಯಲ್ಲಿ, ಕೂರುವ ಮೇಲಿನ ಹಲಗೆಯ ಅಡಿಯಲ್ಲಿ. ತಾರಸಿಯ ಹತ್ತಿರ ಇಟ್ಟರೆ ನೀರು ಹುಯ್ದು ಎಬ್ಬಿಸಿದ ಹಬೆ ಕೂತವರ ತಲೆಯ ಮೇಲಿಂದಲೇ ಓಡಿಹೋಗುತ್ತದೆ. ಹೊರಕಿಂಡಿ ಕೆಳಗಿಳಿದಷ್ಟೂ ಸಹಜ ಎಳೆತ ಕಡಿಮೆ, ಅದಕ್ಕೆ ಹೊರಗಡೆ ಒಂದು ಚಿಕ್ಕ ಎಕ್ಸಾಸ್ಟ್ ಫ್ಯಾನ್ ಇದ್ದರೆ ಒಳ್ಳೆಯದು. ಫಿನ್ನರು ಫ್ಯಾನ್ ಇಟ್ಟಾಗ ಒಳಕಿಂಡಿಯನ್ನು ಹೀಟರಿನ ಮೇಲ್ಗಡೆಗೆ ಒಯ್ಯುವುದೂ ಉಂಟು, ಹೊಸ ಗಾಳಿ ಬಿಸಿಯ ಜೊತೆ ಬೆರೆತು ಇಳಿಯಲಿ ಎಂದು. ಮೂರನೆಯದೊಂದು ಕಿಂಡಿ ತಾರಸಿಯ ಬಳಿ ಮರದ ಜಾರುಮುಚ್ಚಳದೊಂದಿಗೆ ಇರಲಿ. ಸ್ನಾನದ ಹೊತ್ತು ಮುಚ್ಚಿಟ್ಟು, ಮುಗಿದ ಮೇಲೆ ತೆಗೆದರೆ ಹಲಗೆಗಳು ಬೇಗ ಒಣಗುತ್ತವೆ, ಬೂಸ್ಟು ಹಿಡಿಯುವುದಿಲ್ಲ. ಸೊಳ್ಳೆಯ ಭಯಕ್ಕೆ ಸಣ್ಣ ಕಣ್ಣಿನ ಜಾಲರಿ ಹೊಡೆಸುವುದಾದರೆ ತೂತನ್ನು ಅದಕ್ಕೆ ತಕ್ಕಷ್ಟು ದೊಡ್ಡದು ಮಾಡಿಸಿ, ಜಾಲರಿ ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಥರ್ಮೋಸ್ಟ್ಯಾಟಿನ ಸೆನ್ಸರ್ ಯಾವ ಕಿಂಡಿಯ ಬಳಿಯೂ ಬೇಡ. ತಣ್ಣನೆಯ ಗಾಳಿ ತಗುಲಿದ ಸೆನ್ಸರು ಕೋಣೆ ಇನ್ನೂ ಕಾದಿಲ್ಲವೆಂದು ಭ್ರಮಿಸಿ ಹೀಟರನ್ನು ಉರಿಸುತ್ತಲೇ ಇರುತ್ತದೆ.

ಓದುಗರ ಪತ್ರದ ಕೊನೆಯ ಸಾಲು ಮಾತ್ರ ನನ್ನನ್ನು ಬೆಚ್ಚಿಬೀಳಿಸಿತು: ಪಕ್ಕದ ಬಚ್ಚಲಿಗೆ ಕಿಂಡಿ ಕೊಟ್ಟರೆ ಹೊರಗೋಡೆ ಒಡೆಯುವ ಕೆಲಸ ಉಳಿಯುತ್ತದಂತೆ. ಆ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರಿನಿಂದ ಸತ್ತವರ ಸುದ್ದಿ ಬೆಂಗಳೂರಿನ ಪತ್ರಿಕೆಗಳಿಗೆ ಹೊಸದಲ್ಲ. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸೌನಾದ ಫ್ಯಾನ್ ಬಚ್ಚಲಿನ ಗಾಳಿಯನ್ನು ಎಳೆದರೆ ಆ ಅನಿಲ ನೇರ ಕೂತವರ ಮೂಗಿಗೆ ಬರುತ್ತದೆ. ಬೆವರುತ್ತ ತಲೆ ಸುತ್ತಿದರೆ ಬಿಸಿಯಿಂದ ಎಂದುಕೊಳ್ಳುತ್ತಾರೆ, ಏಳುವುದಿಲ್ಲ. ಹೊರಗೋಡೆಯನ್ನೇ ಒಡೆಸಿ. ಒಂದು ದಿನದ ಕೂಲಿ, ಅಷ್ಟೆ.

ಸೌನಾದಿಂದ ಮೈಯ ವಿಷವೆಲ್ಲ ಹರಿದುಹೋಗುತ್ತದೆಂಬ ಜಾಹೀರಾತಿನ ಬಗ್ಗೆಯೂ ಕೇಳಿದ್ದಾರೆ. ಬೆವರೆಂದರೆ ಬಹುಪಾಲು ನೀರು, ಜೊತೆಗೆ ಉಪ್ಪು. ವಿಷ ತೆಗೆಯಲು ಪಿತ್ತಜನಕಾಂಗ, ಮೂತ್ರಪಿಂಡಗಳಿವೆ. ಫಿನ್ಲೆಂಡಿನಲ್ಲಿ 2,315 ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಸಲ ಸೌನಾ ಮಾಡುವವರಲ್ಲಿ ಹೃದಯದ ತೊಂದರೆಯಿಂದಾಗುವ ಹಠಾತ್ ಸಾವು ಕಡಿಮೆ ಕಂಡಿತ್ತು ನಿಜ. ಆದರೆ ವಾರಕ್ಕೆ ನಾಲ್ಕು ಸಲ ಸೌನಾದಲ್ಲಿ ಕೂರಬಲ್ಲವರು ಮೊದಲೇ ಗಟ್ಟಿಮುಟ್ಟಾಗಿದ್ದವರೂ ಇರಬಹುದು. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಒಳಗೆ ಕಾಲಿಡಬಾರದು, ಕುಡಿದವರಂತೂ ಹತ್ತಿರವೂ ಸುಳಿಯಬಾರದು.

ಕೆಲಸ ಮುಗಿದ ದಿನ ಹೀಟರ್ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲದವರು ಒಳಗೆ ಹೋಗಿ, ಕೈ ಕಟ್ಟಿಕೊಂಡು, ಬರೀ ಭುಜದಿಂದ ಬಾಗಿಲು ತೆರೆದು ಬರಲಿ. ಆಗದಿದ್ದರೆ ಕಾರ್ಪೆಂಟರಿಗೆ ಕೊನೆಯ ಕಂತು ಕೊಡಬೇಡಿ. ಆಮೇಲೆ ತಿಂಗಳಿಗೊಮ್ಮೆ ಹಿಡಿಯ ಬೋಲ್ಟನ್ನು ಸ್ಪ್ಯಾನರಿನಿಂದ ಬಿಗಿಸಿ.