ಯೋಗಸಾಧಕನಿಗೆ ಕಾಫಿ ಸಲ್ಲುವುದೇ?



ಬಸವಕಲ್ಯಾಣದ ಶಿವಯೋಗ ಶಿಬಿರದಲ್ಲಿ ಒಂದು ದಿನ ಪ್ರವಚನ ಮುಗಿದು ಜನರೆಲ್ಲ ಏಳುತ್ತಿದ್ದರು. ಆಗ ಹುಮನಾಬಾದಿನಿಂದ ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರು ನಮ್ಮ ಬಳಿ ಬಂದು ಕೈಮುಗಿದು ನಿಂತರು. ಹನ್ನೆರಡು ವರ್ಷಗಳಿಂದ ನಸುಕಿನಲ್ಲೆದ್ದು ಆಸನ, ಪ್ರಾಣಾಯಾಮ, ಆಮೇಲೆ ಇಷ್ಟಲಿಂಗ ಪೂಜೆ ಮಾಡುತ್ತ ಬಂದವರು ಅವರು. ಅಂದು ಅವರ ಮುಖದಲ್ಲಿ ತಪ್ಪು ಮಾಡಿದವರ ಕಳೆ ಇತ್ತು. "ಅಪ್ಪಾವರ, ಮೂರು ತಿಂಗಳಾತ್ರಿ, ಆಸನ ಬಿಟ್ಟೀನ್ರಿ" ಎಂದರು. ಕಾರಣ ಕೇಳಿದೆವು. "ಯೋಗ ಕಲಿಸೋರೊಬ್ರು, ಕಾಫಿ ಕುಡಿಯೋರಿಗೆ ಯೋಗ ದಕ್ಕೂದಿಲ್ಲ, ಎರಡರಾಗ ಒಂದು ಬಿಡು ಅಂದ್ರರಿ. ಕಾಫಿ ಬಿಡಾಕ ಹೋದೆ, ಆಗಲಿಲ್ರಿ. ಹಿಂಗಾಗಿ ಯೋಗ ಬಿಟ್ಟೆ" ಎಂದರು.

ನಾವು ನಗಲಿಲ್ಲ. ಒಂದು ಬಟ್ಟಲು ಕಾಫಿಯ ದೆಸೆಯಿಂದ ಹನ್ನೆರಡು ವರ್ಷದ ಸಾಧನೆ ನಿಂತುಹೋಯಿತೆಂದರೆ ಅದು ನಗುವ ಮಾತಲ್ಲ. ಆದ್ದರಿಂದ ಇಂದು ಈ ವಿಷಯವನ್ನೇ ವಿಚಾರ ಮಾಡೋಣ. ನಮ್ಮ ಕಡೆಯ ಮನೆಗಳಲ್ಲಿ ಕಾಫಿಗಿಂತ ಚಹಾದ ಬಳಕೆಯೇ ಹೆಚ್ಚು. ಎರಡರಲ್ಲಿಯೂ ಇರುವ ಸತ್ವ ಒಂದೇ. ಪ್ರಮಾಣ ಮಾತ್ರ ಬೇರೆ. ಕಾಫಿಗೆ ಹೇಳುವುದೆಲ್ಲ ಚಹಾಕ್ಕೂ ಸಲ್ಲುತ್ತದೆ.

ಮೊದಲನೆಯ ಪ್ರಶ್ನೆ: ಶಾಸ್ತ್ರ ಏನು ಹೇಳುತ್ತದೆ? ಕಾಫಿಯ ಹೆಸರು ಹಿಡಿದು ಯಾವ ಪ್ರಾಚೀನ ಯೋಗಶಾಸ್ತ್ರವೂ ಏನನ್ನೂ ಹೇಳಿಲ್ಲ. ಪತಂಜಲಿ ಮುನಿಗಳಾಗಲಿ, ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಾಳಿದ ಬಸವಾದಿ ಶರಣರಾಗಲಿ ಕಾಫಿಯನ್ನು ಕಂಡವರಲ್ಲ. ಬಾಬಾ ಬುಡನ್ ಎಂಬ ಸೂಫಿ ಸಂತರು ಹದಿನೇಳನೆಯ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿ ಇದೆ. ಯೆಮೆನ್‌ನ ಸೂಫಿಗಳು ಇದನ್ನು ಕುಡಿಯುತ್ತಿದ್ದುದು ನಾಲಿಗೆಯ ರುಚಿಗಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ದೇವರ ನಾಮಸ್ಮರಣೆ ಮಾಡುವುದಕ್ಕೆ. ಅಂದರೆ ಕಾಫಿ ತನ್ನ ಮೊದಲ ದಿನಗಳಲ್ಲಿಯೇ ಸಾಧಕರ ಕೈಯಲ್ಲಿದ್ದ ಪಾನೀಯ. ಅದನ್ನು ಮದ್ಯದ ಸಾಲಿನಲ್ಲಿಟ್ಟು ಪಾಪವೆನ್ನುವುದು ವಿಚಾರವಲ್ಲ.

ಹೆಸರು ಹೇಳದಿದ್ದರೂ ಶಾಸ್ತ್ರವು ಅಳತೆಗೋಲನ್ನು ಕೊಟ್ಟಿದೆ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರಿರುವವನಿಗೂ ಯೋಗವಿಲ್ಲವೆಂಬುದು ಗೀತೆಯ ಆರನೆಯ ಅಧ್ಯಾಯದ ಅಭಿಪ್ರಾಯ. ಇನ್ನು ಪತಂಜಲಿ ಮುನಿಗಳು ಚಿತ್ತವನ್ನು ಕದಡುವ ಒಂಬತ್ತು ಅಂತರಾಯಗಳನ್ನು ಎಣಿಸುತ್ತಾರೆ, ಆಲಸ್ಯ ಅವುಗಳಲ್ಲೊಂದು. ಅದರ ಮುಂದಿನ ಸೂತ್ರದಲ್ಲಿಯೇ ಅಂತರಾಯಗಳ ಒಡನಾಡಿಗಳನ್ನು ಹೇಳುತ್ತಾರೆ. ಅಲ್ಲಿ 'ಅಂಗಮೇಜಯತ್ವ' ಎಂಬುದೊಂದು. ಅಂದರೆ ಅಂಗಾಂಗಗಳ ನಡುಕ. ಉಸಿರಾಟದ ಏರುಪೇರು ಮತ್ತೊಂದು. ಈಗ ನೋಡಿರಿ: ಮಿತವಾದ ಕಾಫಿ ಆಲಸ್ಯವನ್ನು ಕಳೆಯುತ್ತದೆ. ಅದೇ ಕಾಫಿ ಮಿತಿಮೀರಿದಾಗ ಕೈ ನಡುಗಿಸುತ್ತದೆ, ಎದೆಬಡಿತ ಹೆಚ್ಚಿಸುತ್ತದೆ, ಉಸಿರು ನಿಲ್ಲಬೇಕಾದಲ್ಲಿ ನಿಲ್ಲದಂತೆ ಮಾಡುತ್ತದೆ. ಒಂದು ಅಂತರಾಯವನ್ನು ಕಳೆಯಹೋಗಿ ಅದರ ನೆಂಟರನ್ನೇ ಮನೆಗೆ ಕರೆದಂತಾಯಿತು.

ಇದು ಹೇಗೆ ನಡೆಯುತ್ತದೆಂಬುದನ್ನು ತಿಳಿಯಬೇಕು. ಕಾಫಿ, ಚಹಾಗಳ ಸತ್ವಕ್ಕೆ ಕೆಫೀನ್ ಎಂದು ಹೆಸರು. ಜರ್ಮನಿಯ ರುಂಗೆ ಎಂಬ ವಿಜ್ಞಾನಿ 1819ರಲ್ಲಿ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯ ಕೂಡುತ್ತ ಹೋಗುತ್ತದೆ. 'ದಣಿದಿದ್ದೀ, ಇನ್ನು ವಿಶ್ರಮಿಸು' ಎಂಬ ವಾರ್ತೆಯನ್ನು ಅದು ಒಯ್ಯುತ್ತದೆ. ಕೆಫೀನ್ ಹೋಗಿ ಆ ವಾರ್ತೆ ಮುಟ್ಟಬೇಕಾದ ಬಾಗಿಲಲ್ಲಿಯೇ ಕುಳಿತುಬಿಡುತ್ತದೆ. ವಾರ್ತೆ ಒಳಗೆ ಹೋಗುವುದಿಲ್ಲ. ದಣಿವು ಮಾತ್ರ ಇದ್ದಲ್ಲಿಯೇ ಇರುತ್ತದೆ. ಕಾಫಿ ಶಕ್ತಿಯನ್ನು ಕೊಡುವುದಿಲ್ಲ, ಸಾಲ ಕೊಡುತ್ತದೆ. ಸಾಲ ತೀರಿಸಬೇಕಾದದ್ದು ನಿದ್ದೆಯಿಂದಲೇ.

ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಕೆಲವರಲ್ಲಿ ಇನ್ನೂ ಹೆಚ್ಚು. ಸಂಜೆ 4 ಗಂಟೆಗೆ ಕುಡಿದದ್ದರಲ್ಲಿ ಅರ್ಧ ಭಾಗ ರಾತ್ರಿ 9 ಗಂಟೆಗೂ ಕಾಲುಭಾಗ ನಡುರಾತ್ರಿ 2 ಗಂಟೆಗೂ ಉಳಿದಿರುತ್ತದೆ. ಹೀಗಿದ್ದಮೇಲೆ ಬ್ರಾಹ್ಮೀ ಮುಹೂರ್ತದಲ್ಲಿ ಏಳುವವನ ಗತಿಯೇನು? ಸಂಜೆಯ ಕಾಫಿ ನಿದ್ದೆಯನ್ನು ಕದಿಯುತ್ತದೆ. ಮುಂಜಾನೆಯ ಕಾಫಿ ಆ ಕಳವನ್ನು ಮುಚ್ಚಿಡುತ್ತದೆ. ಮುಂಜಾನೆ ಕಾಫಿಯಿಲ್ಲದೆ ಏಳಲಾಗುವುದಿಲ್ಲ ಎನ್ನುವವರು ಮೊದಲು ಪರೀಕ್ಷಿಸಬೇಕಾದದ್ದು ಹಿಂದಿನ ಸಂಜೆಯ ಕಾಫಿಯನ್ನು.

ನಮ್ಮ ಅನುಭವವನ್ನೂ ಮರೆಮಾಚದೆ ಹೇಳುತ್ತೇವೆ. ಪಾಠಶಾಲೆಯಲ್ಲಿ ವ್ಯಾಕರಣ ಕಂಠಪಾಠ ಮಾಡುವ ಕಾಲದಲ್ಲಿ ರಾತ್ರಿ ನಿದ್ದೆ ತಡೆಯಲು ನಾವು ಚಹಾ ಕುಡಿಯತೊಡಗಿದೆವು. ಒಂದು ಲೋಟ ನಾಲ್ಕಾಯಿತು. ಶಿವರಾತ್ರಿಯ ಉಪವಾಸದ ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುವಂತೆ ನೋಯುತ್ತಿತ್ತು. ಉಪವಾಸ ನಮ್ಮ ದೇಹಕ್ಕೆ ಒಗ್ಗದೆಂದು ಹಲವು ವರ್ಷ ನಂಬಿದ್ದೆವು. ನೋವು ಉಪವಾಸದ್ದಲ್ಲ, ಚಹಾ ತಪ್ಪಿದ್ದರದು ಎಂದು ತಿಳಿದದ್ದು ಬಹಳ ತಡವಾಗಿ. ಹೊಟ್ಟೆ ಶಿವನಿಗಾಗಿ ಉಪವಾಸವಿದ್ದರೂ ತಲೆ ಚಹಾಕ್ಕಾಗಿ ಅಳುತ್ತಿತ್ತು. ರೂಢಿಯಾದ ಕೆಫೀನನ್ನು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಗಳಲ್ಲಿ ತಲೆನೋವು, ಜಡತೆ, ಸಿಡುಕು ಶುರುವಾಗುತ್ತವೆ. ಕೆಲವು ದಿನ, ಹೆಚ್ಚೆಂದರೆ ಒಂದು ವಾರದ ಮೇಲೆ ಸ್ವಲ್ಪ ಇದ್ದು ಹೋಗುತ್ತವೆ. ಆ ಶಿಕ್ಷಕರಿಗೆ ಆದದ್ದೂ ಇದೇ. ಅವರ ಸಂಕಲ್ಪ ದುರ್ಬಲವಾಗಿರಲಿಲ್ಲ, ಬಿಡುವ ಕ್ರಮ ತಪ್ಪಾಗಿತ್ತು.

ಹಾಗಾದರೆ ಎಷ್ಟು, ಯಾವಾಗ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮಿತಿಯೆಂದು ಹೇಳಿದೆ. 150 ಮಿಲಿಲೀಟರಿನ ಒಂದು ಕಪ್ಪು ಕುದಿಸಿದ ಕಾಫಿಯಲ್ಲಿ 80ರಿಂದ 120, ದಿಢೀರ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಇದು ಸಾಮಾನ್ಯ ಜನರ ಮಿತಿ. ಸಾಧಕನ ಮಿತಿ ಇದಕ್ಕಿಂತ ಕೆಳಗಿದ್ದರೆ ಲೇಸು. ಗರ್ಭಿಣಿಯರು ಇನ್ನೂ ಕಡಿಮೆ ಮಾಡಬೇಕು. ರಕ್ತದೊತ್ತಡ, ಎದೆಬಡಿತದ ತೊಂದರೆ, ಹೊಟ್ಟೆಯ ಉರಿ ಇದ್ದವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಆಸನಕ್ಕೆ ಮುನ್ನ ಹಾಲು ಸಕ್ಕರೆ ಬೆರೆಸಿದ ಕಾಫಿ ಬೇಡ. ಹೊಟ್ಟೆಯಲ್ಲಿ ದ್ರವ ತುಳುಕುತ್ತಿರುವಾಗ ಪಶ್ಚಿಮೋತ್ತಾನ, ಸರ್ವಾಂಗಾಸನ ಮಾಡಿದರೆ ಹುಳಿತೇಗು ಬರುತ್ತದೆ. ಪ್ರಾಣಾಯಾಮಕ್ಕಂತೂ ಅದು ನೇರ ವಿರೋಧ: ನಾವು ಉಸಿರನ್ನು ನಿಧಾನಗೊಳಿಸಹೊರಟಾಗ ಕೆಫೀನ್ ಒಳಗಿನಿಂದ ಬಾರುಕೋಲು ಬೀಸುತ್ತಿರುತ್ತದೆ. ಎದ್ದಕೂಡಲೇ ಉಗುರುಬೆಚ್ಚಗಿನ ನೀರು, ಶೌಚ, ಸ್ನಾನ, ಆಸನ, ಪ್ರಾಣಾಯಾಮ, ಪೂಜೆ. ಇವೆಲ್ಲ ಮುಗಿದಮೇಲೆ ಒಂದು ಕಪ್ಪು ಕುಡಿದರೆ ಯೋಗ ಕೆಡುವುದಿಲ್ಲ. ಮಧ್ಯಾಹ್ನದ ನಂತರ ಬೇಡ.

ಊಟದೊಡನೆಯೂ ಬೇಡ. ಚಹಾ, ಕಾಫಿಗಳ ಒಗರು ಅನ್ನದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಊಟದ ಹಿಂದುಮುಂದು ಒಂದು ಗಂಟೆ ಬಿಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಮ್ಮ ತಾಯಂದಿರಲ್ಲಿ ರಕ್ತಹೀನತೆ ಎಷ್ಟಿದೆಯೆಂಬುದು ನಿಮಗೆ ಗೊತ್ತು. ಹೀಗಿದ್ದೂ ನಮ್ಮ ಮಠದಲ್ಲಿಯೇ ದಾಸೋಹದ ಪಂಕ್ತಿ ಏಳುತ್ತಿದ್ದಂತೆ ಚಹಾ ಕೊಡುವ ರೂಢಿ ಇತ್ತು. ತಪ್ಪು ನಮ್ಮದೇ. ಈಗ ಅದನ್ನು ನಿಲ್ಲಿಸಿದ್ದೇವೆ; ಬಂದವರಿಗೆ ಮೊದಲು ಮಜ್ಜಿಗೆ.

ಸಕ್ಕರೆಯ ಲೆಕ್ಕವನ್ನೂ ಮರೆಯಬೇಡಿರಿ. ಬಸ್ ನಿಲ್ದಾಣದಲ್ಲಿ ಒಂದು, ಅಂಗಡಿಯಲ್ಲಿ ಒಂದು, ನೆಂಟರ ಮನೆಯಲ್ಲಿ ಒಂದು ಎಂದು ದಿನಕ್ಕೆ ಆರು ಕಪ್ಪಾದರೆ, ಕಪ್ಪಿಗೆ ಎರಡು ಚಮಚದಂತೆ ಹನ್ನೆರಡು ಚಮಚ, ಅಂದರೆ ಸುಮಾರು 60 ಗ್ರಾಂ ಸಕ್ಕರೆ ಹೊಟ್ಟೆ ಸೇರಿತು. ಕೆಫೀನ್ ಮಿತಿಯೊಳಗಿದ್ದರೂ ಸಕ್ಕರೆ ಮಿತಿ ದಾಟಿತು.

ಕೊನೆಯದಾಗಿ ನಮ್ಮ ಮಾರ್ಗದ ಮಾತು. ಲಿಂಗಕ್ಕೆ ಅರ್ಪಿಸಿದ ಪದಾರ್ಥ ಪ್ರಸಾದವಾಗುತ್ತದೆ. ಕಾಫಿಯನ್ನೂ ಅರ್ಪಿಸಿ ಸ್ವೀಕರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಅರ್ಪಿಸಿರಿ, ಆದರೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿರಿ. ಬಂದರೂ ಸಂತೋಷ, ಬಾರದಿದ್ದರೂ ಸಂತೋಷ ಎಂಬುದು ಪ್ರಸಾದಬುದ್ಧಿ. ಬಾರದಿದ್ದರೆ ಮನೆಯವರ ಮೇಲೆ ರೇಗುವುದು ಚಟ. ಬಟ್ಟಲಲ್ಲಿರುವ ಕಾಫಿ ಒಂದೇ, ಕುಡಿಯುವವನ ಸ್ಥಿತಿ ಎರಡು.

ಆ ಶಿಕ್ಷಕರಿಗೆ ನಾವು ಹೇಳಿದ್ದು ಇಷ್ಟೇ: "ನಾಳೆಯಿಂದಲೇ ಆಸನ ಹಿಡಿಯಿರಿ. ಕಾಫಿಯನ್ನು ಇಂದೇ ಬಿಡಬೇಡಿರಿ. ಮೊದಲು ಸಂಜೆಯದನ್ನು ಅರ್ಧ ಮಾಡಿರಿ, ವಾರದ ಮೇಲೆ ಅದನ್ನು ಬಿಡಿರಿ. ಮುಂಜಾನೆಯದನ್ನು ಪೂಜೆಯ ನಂತರಕ್ಕೆ ಸರಿಸಿರಿ." ಮುಂದಿನ ಬಾರಿ ಬಂದಾಗ ಅವರು, "ಒಂದು ಕಪ್ ಉಳದದ್ರಿ ಅಪ್ಪಾವರ, ಅದೂ ಬಿಡ್ಲೇನ್ರಿ?" ಎಂದು ಕೇಳಿದರು. "ಅದು ನಿಮ್ಮನ್ನು ಹಿಡಿದಿದೆಯೋ, ನೀವು ಅದನ್ನು ಹಿಡಿದಿದ್ದೀರೋ ನೋಡಿಕೊಳ್ಳಿರಿ. ನಿಮ್ಮ ಕೈಯಲ್ಲಿದ್ದರೆ ಇರಲಿ" ಎಂದೆವು. ಅವರು ಈಗ ಸೋಮವಾರ ಮಾತ್ರ ಅದನ್ನು ಬಿಡುತ್ತಾರೆ, ತಲೆ ನೋಯುವುದಿಲ್ಲವಂತೆ.

ಬಿಡಬೇಕಾದದ್ದು ಅತಿಯನ್ನು, ಸಾಧನೆಯನ್ನಲ್ಲ. ಸಣ್ಣ ದೋಷಕ್ಕೆ ಅಂಜಿ ದೊಡ್ಡ ಲಾಭವನ್ನು ಬಿಟ್ಟುಕೊಡದಿರಿ.