ಮಾಳಿಗೆ ಮೇಲಿನ ಸಂಡಿಗೆ ಯಾರ ಲೆಕ್ಕದಾಗ ಬರ್ತದ?

ಮೇ ತಿಂಗಳ ನಡುವಿನ ಒಂದು ಬೆಳಗು. ಗಜೇಂದ್ರಗಡದ ಗುಡ್ಡದ ಬುಡದಲ್ಲಿರುವ ನಮ್ಮ ಸೋದರತ್ತೆಯ ಮನೆ ಮಾಳಿಗೆ. ಒಂದು ಕಡೆ ಹಳೆ ಸೀರೆ ಮೇಲೆ ಸಂಡಿಗೆ ಸಾಲು, ಇನ್ನೊಂದು ಕಡೆ ಬಾಳಕದ ಮೆಣಸಿನಕಾಯಿ, ಮೂಲೆಯಲ್ಲಿ ಬೀಜಕ್ಕಂತ ಬಿಟ್ಟ ಹೀರೇಕಾಯಿ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗ್ತಿವೆ. "ಕಾಗಿ ಹೊಡೀಲಿ ಅಂತ ಕುಂದ್ರಿಸಿದ್ರ ಫೋನ್ ತಿಕ್ಕೋತ ಕುಂತೀಯಲ್ಲೋ ತಮ್ಮಾ" ಅಂತ ಅತ್ತೆ ಕೆಳಗಿನಿಂದಲೇ ಬೈತಾಳೆ. ನಾನು ಆಗ ಓದ್ತಾ ಇದ್ದದ್ದು ಮಹಿಳೆಯರ ದುಡಿಮೆ ಬಗ್ಗೆ ಬಂದ ಒಂದು ವರದಿ. ನಗು ಬಂತು.

ನರಗುಂದ ಅಂದ್ರೆ ನಮ್ಮಂಥವರಿಗೆ ಥಟ್ಟನೆ ನೆನಪಾಗೋದು 1980ರ ಜುಲೈ 21, ರೈತ ಬಂಡಾಯ. ಆಮೇಲೆ 2015ರಲ್ಲಿ ಶುರುವಾದ ಮಹದಾಯಿ ಧರಣಿ. ಎರಡರ ಹಿಂದೆಯೂ ನೀರಿನ ಪ್ರಶ್ನೆ ಇದೆ. ಆದರೆ ಮಳೆ ಇಲ್ಲದ, ಕಾಲುವೆ ಒಣಗಿದ ತಿಂಗಳುಗಳಲ್ಲಿ ಈ ಸೀಮೆಯ ಮನೆಗಳು ಉಂಡದ್ದು ಏನು, ಅದನ್ನು ಕೂಡಿಟ್ಟವರು ಯಾರು ಅನ್ನೋದು ನಮ್ಮ ಭಾಷಣಗಳಲ್ಲಿ ಬರೋದೇ ಕಮ್ಮಿ.

ಕಡ್ಲಿ ಪಲ್ಲೆ ನೋಡಿ. ರೋಣ, ನರಗುಂದದ ಎರಿ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುತ್ತಾರೆ. ತಿಂಗಳು ದಾಟಿದ ಮೇಲೆ ಹೆಣ್ಮಕ್ಕಳು ಸಾಲು ಹಿಡಿದು ಕುಡಿ ಚಿವುಟ್ತಾರೆ. ಕುಡಿ ಹೋದ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಕಾಯಿ ಹೆಚ್ಚು ಕಟ್ಟುತ್ತದೆ. ಕೃಷಿ ವಿಜ್ಞಾನಿಗಳೂ ಇದನ್ನೇ ಶಿಫಾರಸು ಮಾಡ್ತಾರೆ. ಚಿವುಟಿದ ಸೊಪ್ಪು ಹಸಿಯಾಗಿ ಒಂದೆರಡು ದಿನ ಪಲ್ಯ, ಉಳಿದದ್ದು ಒಣಗಿ ಗಡಿಗೆ ಸೇರುತ್ತದೆ. ಎಲೆ ಮೇಲಿನ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳ ಹುಳಿ ಒಣಗಿದ ಮೇಲೂ ಹೋಗಲ್ಲ. ಸಂತೆಯಲ್ಲಿ ತರಕಾರಿ ತುಟ್ಟಿಯಾದಾಗ, ಬಿಸಿ ರೊಟ್ಟಿ ಪಕ್ಕ ಆ ಹುಳಿ ಪಲ್ಯ ಇದ್ದರೆ ಬೇರೆ ಏನೂ ಬೇಡ. ಒಂದೇ ಕೈಕೆಲಸದಿಂದ ಇಳುವರಿಯೂ ಬಂತು, ಬ್ಯಾಸಗಿ ಊಟವೂ ಆಯ್ತು.

ಬಾಳಕದ ಕೆಲಸ ಇನ್ನೂ ನಾಜೂಕು. ಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಮೊಸರಲ್ಲಿ ರಾತ್ರಿ ನೆನೆಸೋದು, ಹಗಲು ಬಿಸಿಲಿಗೆ ಹರವೋದು, ಸಂಜೆ ಮತ್ತೆ ಮೊಸರಿಗೆ. ಮೊಸರು ಮುಗಿಯೋ ತನಕ ಇದೇ. ಉಪ್ಪು ಕಾಯೊಳಗಿನ ನೀರು ಎಳೆಯುತ್ತದೆ, ಮೊಸರಿನ ಹುಳಿ ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಬಿಸಿಲು ಉಳಿದ ತೇವ ತೆಗೆಯುತ್ತದೆ. ನಡುವೆ ಒಂದು ಅಡ್ಡಮಳೆ ಬಿದ್ದರೆ ಬೂಸಲು ಗ್ಯಾರಂಟಿ. ಬೂಸಲು ಬರೀ ರುಚಿಯ ಪ್ರಶ್ನೆ ಅಲ್ಲ. ಸರಿಯಾಗಿ ಒಣಗದ ಮೆಣಸಿನಕಾಯಿ, ಶೇಂಗಾದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತದೆ, ಅದು ಯಕೃತ್ತಿಗೆ ಅಪಾಯ. "ಮಾಡ ಮುಸುಕೇತಿ, ಒಳಗ ಒಯ್ರಿ" ಅಂತ ಓಣಿಯೆಲ್ಲ ಕೂಗಾಡುವುದು ಸುಮ್ಮನೆ ಅಲ್ಲ.

ಜೋಳಕ್ಕೆ ಹಗೇವು ಇತ್ತು. ನೆಲದೊಳಗೆ ತೋಡಿದ ಗುಂಡಿ, ಒಳಗೆ ಕಣಕಿ, ಹೊಟ್ಟಿನ ಹಾಸು, ಬಾಯಿಗೆ ಕಲ್ಲು, ಮಣ್ಣು. ಮುಚ್ಚಿದ ಮೇಲೆ ಕಾಳು, ಹುಳ ಎರಡೂ ಒಳಗಿನ ಆಮ್ಲಜನಕ ಮುಗಿಸ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳ ಸಾಯುತ್ತವೆ. ಮದ್ದು ಬೇಡ, ಕರೆಂಟ್ ಬೇಡ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ. ಮೊದಲು ಕಂದೀಲು ಇಳಿಬಿಟ್ಟು ನೋಡೋದು, ಆರಿದರೆ ಕಾಯೋದು. ಹಗೇವಿಗೆ ಬೇಕಾದದ್ದು ಒಣ ನೆಲ. ಮಲಪ್ರಭಾ ಕಾಲುವೆ ಬಂದ ಮೇಲೆ ಅಚ್ಚುಕಟ್ಟಿನ ಎಷ್ಟೋ ಹೊಲ ಜವಳು ಹಿಡಿದವು, ಜೋಳದ ಜಾಗಕ್ಕೆ ಹತ್ತಿ, ಗೋವಿನಜೋಳ ಬಂದವು. ತುಂಬಿಡಲಿಕ್ಕೆ ಜೋಳವೇ ಕಮ್ಮಿ ಆದ ಮೇಲೆ ಗುಂಡಿ ಯಾಕೆ?

ಈಗ ಲೆಕ್ಕಕ್ಕೆ ಬರೋಣ. ದೇಶದ ಉದ್ಯೋಗದ ಅಂಕಿಸಂಖ್ಯೆ ಕೊಡುವ ಪಿಎಲ್‌ಎಫ್‌ಎಸ್ ಸಮೀಕ್ಷೆಯ ವ್ಯಾಖ್ಯಾನ ಹೀಗಿದೆ: ಮನೆ ಬಳಕೆಗೇ ಆದರೂ ಹೊಲದಲ್ಲಿ ಮೆಣಸಿನಕಾಯಿ ಬೆಳೆದರೆ ಅದು ಆರ್ಥಿಕ ಚಟುವಟಿಕೆ. ಅದೇ ಮೆಣಸಿನಕಾಯಿಯನ್ನು ಮನೆ ಬಳಕೆಗೆ ಒಣಗಿಸಿ ಬಾಳಕ ಮಾಡಿದರೆ ಅಲ್ಲ. ಇದೇ ಕೆಲಸ ಮಾಡಿಕೊಂಡಿರುವ ಹೆಣ್ಣುಮಕ್ಕಳು 'ಮನೆಗೆಲಸ' ಅನ್ನೋ 92, 93ರ ಸಂಕೇತಕ್ಕೆ ಬೀಳ್ತಾರೆ, ಅಂದರೆ ದುಡಿಯುವ ಬಲದಿಂದ ಹೊರಗೆ. ತಮಾಷೆ ಅಂದ್ರೆ, ಜಿಡಿಪಿ ಲೆಕ್ಕ ಹಾಕಲು ಜಗತ್ತು ಒಪ್ಪಿರುವ ರಾಷ್ಟ್ರೀಯ ಲೆಕ್ಕಗಳ ಪದ್ಧತಿ ಸ್ವಂತ ಬಳಕೆಯ ಆಹಾರ ಸಂಸ್ಕರಣೆಯನ್ನೂ ಉತ್ಪಾದನೆ ಅಂತಲೇ ಒಪ್ಪುತ್ತದೆ. 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣು ಅದಕ್ಕೆ ದಿನಕ್ಕೆ 289 ನಿಮಿಷ ಕೊಡ್ತಾಳೆ, ಗಂಡು 88 ನಿಮಿಷ.

ಇದನ್ನೆಲ್ಲ ಅತ್ತೆಗೆ ಹೇಳಿದೆ. "ಹಂಗಾದ್ರ ಮಾರಿದ್ರ ಕೆಲಸ, ಉಂಡ್ರ ಅಲ್ಲ?" ಅಂದ್ಲು. ಇದಕ್ಕಿಂತ ಚೊಲೋ ಟೀಕೆ ನಾನು ಓದಿಲ್ಲ.

ಮಾರುವ ದಾರಿಯೂ ಇದೆ ಅನ್ನಿ. 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಕ್ಕೆ ಸಾಲದ ಜೊತೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇದೆ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿ ಆರಂಭಿಕ ಬಂಡವಾಳ. ಒಳ್ಳೇದೇ. ಆದರೆ ಎಲ್ಲ ಸಂಡಿಗೆಯೂ ಪ್ಯಾಕೆಟ್ ಆಗಬೇಕು ಅನ್ನುವ ಹಠ ನನಗೆ ಒಪ್ಪಿಗೆಯಿಲ್ಲ. ಮನೆಯವರು ಉಣ್ಣುವುದಕ್ಕೂ ಬೆಲೆ ಇದೆ ಅಂತ ಮೊದಲು ಬರೆದುಕೊಳ್ಳಲಿ. ಮತ್ತೆ, ಅದರಲ್ಲಿ ಗಂಡಸರ ಪಾಲು ಕಾಗೆ ಹೊಡೆಯುವುದಕ್ಕೇ ನಿಲ್ಲದಿರಲಿ. (ಇದು ನನಗೂ ಸೇರಿ.)

ಅತ್ತೆಗೆ ಈಗ ಹಿತ್ತಲದ ಚಿಂತೆ. ಮೇ 25ರ ಹೊತ್ತಿಗೆ ರೋಹಿಣಿ ಕೂಡುತ್ತದೆ. ಬ್ಯಾಸಗಿಯೆಲ್ಲ ಬಚ್ಚಲ ನೀರಿನಲ್ಲಿ ಜೀವ ಹಿಡಿದದ್ದು ನುಗ್ಗಿ, ಕರಿಬೇವು ಎರಡೇ. ಗುಡ್ಡದ ಕಲ್ಲು ನೆಲ, ಅಗೆದರೆ ಗುದ್ದಲಿ ಠಣ್ ಅನ್ನುತ್ತದೆ. ಗಡಿಗೆಯ ಬೂದಿಯೊಳಗಿಂದ ಪುಂಡಿ, ಚವಳಿ ಬೀಜ ತೆಗೆದು ಮರದಲ್ಲಿ ಹಾಕಿ ಕೇರಿದಳು. ಹುಳ ಬಿದ್ದಿರಲಿಲ್ಲ. ಅರ್ಧ ಹಿತ್ತಲಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಕಾಗದದಲ್ಲಿ ಕಟ್ಟಿ ರೋಣದ ಮಗಳ ಮನೆಗೆ ಮುಟ್ಟಿಸು ಅಂತ ನನ್ನ ಕೈಗಿಟ್ಟಳು.