ಅಪಸ್ವರ ಯಾರದು?

ಗಣೇಶನ ಹಬ್ಬ ಬಂತೆಂದರೆ ನನ್ನ ಸೋದರಮಾವನಿಗೆ ಬಿಡುವೇ ಇರುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಅವರಿಗೆ ವರ್ಷದ ಸಂಪಾದನೆಯ ದೊಡ್ಡ ಪಾಲು ಬರುವುದೇ ಆ ಒಂದು ತಿಂಗಳಲ್ಲಿ. ಕಳೆದ ವರ್ಷ ಸಾಲ ಮಾಡಿ ಹೊಸ ಕೀಬೋರ್ಡ್ ತಂದಿದ್ದರು. ಅದರ ಮೊದಲ ಕಾರ್ಯಕ್ರಮದಲ್ಲೇ ಎಡವಟ್ಟಾಯಿತು. ಪಿಯಾನೊ ಒಂದು ಶ್ರುತಿ, ಪಿಟೀಲು ಇನ್ನೊಂದು ಶ್ರುತಿ! ಗಾಯಕಿ ಹಾಡು ನಿಲ್ಲಿಸಿಬಿಟ್ಟರಂತೆ. ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರಂತೆ.

ಪಿಯಾನೊ ದನಿ ಕೀಬೋರ್ಡಿನದು. ಪಿಟೀಲು ಬರುತ್ತಿದ್ದುದು ಅದಕ್ಕೆ ಜೋಡಿಸಿದ್ದ ಹಳೆಯ ಸೌಂಡ್ ಮಾಡ್ಯೂಲ್‌ನಿಂದ. ಕೀಗಳೇ ಇಲ್ಲದ ಸಿಂಥಸೈಜರ್ ಪೆಟ್ಟಿಗೆ ಅದು. ‘ಏನೋ ಅಳಿಯ, ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯಲ್ಲ, ಏನಾಗಿದೆ ನೋಡು’ ಅಂದರು ಮಾವ. ನಾನು ನೋಡುವ ಮೊದಲೇ, ‘ಐಸಿ ಹೋಗಿದೆ ಮಾವ’ ಅಂದುಬಿಟ್ಟೆ. ರಿಪೇರಿ ಅಂಗಡಿಯವರು ಬೋರ್ಡ್ ಬದಲಿಸಲು ಆರು ಸಾವಿರ ಕೇಳಿದರು. ನನ್ನ ಮಾತು ನಂಬಿ ಮಾವ ಕೊಡಲೂ ಸಿದ್ಧರಾದರು. ಮುಂದಿನ ಕಾರ್ಯಕ್ರಮಕ್ಕೆ ಮೂರೇ ದಿನ ಉಳಿದಿತ್ತು.

ಆದರೆ ಮನೆಯಲ್ಲಿ ನುಡಿಸಿದರೆ ಎಲ್ಲವೂ ಸರಿಯಾಗಿಯೇ ಕೇಳುತ್ತಿತ್ತು! ಆಗ ನನಗೆ ಒಳಗೊಳಗೇ ಅಳುಕು ಶುರುವಾಯಿತು.

1983ರಲ್ಲಿ ಬಂದ ಮಿಡಿ ಎಂಬ ವ್ಯವಸ್ಥೆಯಲ್ಲಿ ಕೇಬಲ್ ಮೂಲಕ ಹರಿಯುವುದು ನಾದವಲ್ಲ, ಬರೀ ಸಂಖ್ಯೆಗಳು. ಯಾವ ಕೀ, ಎಷ್ಟು ಜೋರಾಗಿ ಒತ್ತಿದ್ದು, ಯಾವಾಗ ಬಿಟ್ಟಿದ್ದು ಎಂಬ ಸುದ್ದಿ ಅಷ್ಟೇ. ಸ್ವರಗಳಿಗೆ 0ಯಿಂದ 127ರವರೆಗೆ ನಂಬರ್‌ಗಳಿವೆ. ಕೀಬೋರ್ಡಿನ ನಡುವಿನ ಸಿ ಸ್ವರಕ್ಕೆ 60. ಕೇಬಲ್ ಸಡಿಲವಾಗಿದ್ದರೆ ಕೆಲವು ಸ್ವರ ಕೇಳುವುದಿಲ್ಲ, ಇಲ್ಲವೇ ‘ಬಿಟ್ಟೆ’ ಎಂಬ ಸುದ್ದಿ ತಲುಪದೆ ಒಂದೇ ಸ್ವರ ಎಳೆಯುತ್ತಲೇ ಇರುತ್ತದೆ. ನಮ್ಮದು ಹಾಗಿರಲಿಲ್ಲ. ಯಾರೋ ಮೊಬೈಲ್‌ನಲ್ಲಿ ತೆಗೆದಿದ್ದ ವಿಡಿಯೊ ಕೇಳಿ ನೋಡಿದೆ. ಪಿಟೀಲಿನ ಪ್ರತಿಯೊಂದು ಸ್ವರವೂ ಸರಿಯಾಗಿ ಎರಡು ಅರ್ಧಸ್ವರ ಕೆಳಗಿತ್ತು. ಕೆಟ್ಟುಹೋದ ಯಂತ್ರ ಇಷ್ಟು ಲೆಕ್ಕ ಇಟ್ಟು ತಪ್ಪು ಮಾಡುತ್ತದೆಯೇ?

‘ಮಾವ, ಸ್ಟೇಜ್ ಮೇಲೆ ಏನೇನು ಮಾಡ್ತೀರೋ ಎಲ್ಲಾ ಹಾಗೇ ಮಾಡಿ ತೋರಿಸಿ’ ಅಂದೆ. ಅವರು ಮೊದಲು ಮಾಡಿದ್ದೇ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದ್ದು. ‘ಆ ಹುಡುಗಿಗೆ ಡಿ ಸ್ಕೇಲ್ ಬೇಕಲ್ಲಪ್ಪ. ನನ್ನ ಬೆರಳಿಗೆ ಸಿ ಸುಲಭ.’

ಯುಎಸ್‌ಬಿ ಕೇಬಲ್‌ನಿಂದ ಕೀಬೋರ್ಡನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಮಿಡಿ ಸಂದೇಶ ತೋರಿಸುವ ಉಚಿತ ತಂತ್ರಾಂಶ ತೆರೆದೆ. ನಡುವಿನ ಸಿ ಒತ್ತಿದರೆ ಸ್ಪೀಕರಿನಲ್ಲಿ ಡಿ ಕೇಳಿತು. ಪರದೆಯ ಮೇಲೆ ಮಾತ್ರ 60 ಎಂದೇ ಇತ್ತು. ಕಳ್ಳ ಸಿಕ್ಕಿದ! ಹೊಸ ಕೀಬೋರ್ಡ್ ತನ್ನ ದನಿಯನ್ನಷ್ಟೇ ಏರಿಸಿಕೊಂಡು, ಮಾಡ್ಯೂಲ್‌ಗೆ ಹಳೆಯ ನಂಬರನ್ನೇ ಕಳಿಸುತ್ತಿತ್ತು. ಮಾವನ ಹಳೆಯ ಕೀಬೋರ್ಡ್ ಏರಿಸಿದ ನಂಬರನ್ನೇ ಕಳಿಸುತ್ತಿತ್ತು. ಇದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಮನೆಯಲ್ಲಿ ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿದ್ದುದರಿಂದ ತೊಂದರೆ ಕಾಣಿಸಿರಲಿಲ್ಲ. ಪಾಪ, ಮಾಡ್ಯೂಲ್ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಹೊರಗೆ ಹೋಗುವ ನಂಬರೂ ಏರುವಂತೆ ಕೀಬೋರ್ಡಿನ ಮೆನುವಿನಲ್ಲಿ ಬದಲಿಸಿದೆ. ಪಿಟೀಲು ಶ್ರುತಿಗೆ ಬಂತು. ಬೀಗುವಷ್ಟರಲ್ಲಿ ಇನ್ನೊಂದು ಅವಾಂತರ. ಎಡತುದಿಯ ಕೆಲವು ಕೀಗಳನ್ನು ಮಾವ ಮಾಡ್ಯೂಲ್‌ನ ಡ್ರಮ್ಸ್‌ಗೆ ಇಟ್ಟುಕೊಂಡಿದ್ದರು. ಡ್ರಮ್ಸ್‌ನಲ್ಲಿ ನಂಬರೆಂದರೆ ಶ್ರುತಿಯಲ್ಲ, ಒಂದೊಂದು ವಾದ್ಯ. 36 ಬೇಸ್ ಡ್ರಮ್, 38 ಸ್ನೇರ್. ಎರಡು ಏರಿಸಿದ್ದಕ್ಕೆ ‘ಧಮ್’ ಅನ್ನಬೇಕಾದದ್ದು ‘ಟಪ್’ ಅಂದಿತು! ಕೊನೆಗೆ ಕೀಬೋರ್ಡನ್ನು ಮೊದಲಿನಂತೆಯೇ ಬಿಟ್ಟು, ಮಾಡ್ಯೂಲ್‌ನ ಕೀ ಶಿಫ್ಟ್ ಅನ್ನು +2ಕ್ಕೆ ಇಟ್ಟೆ. ಅದು ಡ್ರಮ್ಸ್ ಅನ್ನು ಮುಟ್ಟುವುದಿಲ್ಲ. ಎಲ್ಲವೂ ಸರಿಹೋಯಿತು. ಖರ್ಚು ಸೊನ್ನೆ.

ಮೂರನೇ ದಿನ ನಾನೂ ಸ್ಟೇಜ್ ಹಿಂದೆ ನಿಂತಿದ್ದೆ. ಹಾಡು ಮುಗಿಯುವವರೆಗೂ ಉಸಿರು ಬಿಗಿಹಿಡಿದಿದ್ದೆ. ಮಾವ ತಿರುಗಿ ಹೆಬ್ಬೆರಳು ತೋರಿಸಿದರು.

ಲ್ಯಾಬ್ ಪರೀಕ್ಷೆಯ ವೈವಾದಲ್ಲಿ ‘ಔಟ್‌ಪುಟ್ ತಪ್ಪು ಬಂದರೆ ಮೊದಲು ಏನು ನೋಡುತ್ತೀರಿ?’ ಎಂದು ಕೇಳಿದಾಗ ‘ಇನ್‌ಪುಟ್’ ಎಂದು ಬಾಯಿಪಾಠ ಒಪ್ಪಿಸಿದ್ದೆ. ಅದರ ಅರ್ಥ ತಿಳಿದದ್ದು ಮಾವನ ಮನೆಯಲ್ಲಿ. ದೂರು ಬಂದದ್ದು ಎಲ್ಲಿಂದಲೋ, ತಪ್ಪು ಇರುವುದು ಇನ್ನೆಲ್ಲೋ. ನಡುವಿನ ಒಂದೊಂದು ಹೆಜ್ಜೆಯನ್ನೂ ಅಳೆದು ನೋಡದೆ ತೀರ್ಪು ಕೊಡಬಾರದು.

ಮಾವ ಈಗ ಮಾಡ್ಯೂಲ್ ಮೇಲೆ ಬಿಳಿ ಟೇಪ್ ಅಂಟಿಸಿ ‘ಸ್ಕೇಲ್ ಎರಡೂ ಕಡೆ’ ಎಂದು ಬರೆದುಕೊಂಡಿದ್ದಾರೆ. ನಾನು ಯಾವುದರ ಬಗ್ಗೆಯಾದರೂ ‘ಹೋಗಿದೆ’ ಅಂದರೆ ಸಾಕು, ‘ಅಳೆದು ನೋಡಿದೆಯೇನೋ?’ ಎಂದು ನಗುತ್ತಾರೆ.